‘ಜೊತೆಗೆ ಯಾರೂ ಸಿಗಲಿಲ್ಲವೇ?’

ಕಳೆದ ಮಾರ್ಚ್ ತಿಂಗಳಲ್ಲಿ ನಾನು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಬಾಡಿಗೆ ಕಾರು ಹಿಡಿದು 12 ದಿನ ಒಬ್ಬಳೇ ಸುತ್ತಿ ಬಂದೆ. ಅಲ್ಲಿಂದೀಚೆಗೆ ಮದುವೆಮನೆಯಲ್ಲಿ, ನಾನು ಕೆಲಸ ಮಾಡುವ ಬ್ಯಾಂಕಿನ ಕೌಂಟರಿನಲ್ಲಿ, ಕೊನೆಗೆ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಎದುರಾದ ಪ್ರಶ್ನೆ ಒಂದೇ: ಜೊತೆಗೆ ಯಾರೂ ಸಿಗಲಿಲ್ಲವೇ? ಮೊದಮೊದಲು ನಕ್ಕು ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಈಗ ಬರೆದಿಟ್ಟುಬಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ಸಿಗುತ್ತಿದ್ದರು. ನಾನು ಕರೆಯಲಿಲ್ಲ.

ನನ್ನ ಮೈ ಉರಿಸುವುದು ಆ ‘ಸಿಗಲಿಲ್ಲ’ ಎಂಬ ಮಾತು. ಬಸ್ಸು ಸಿಗಲಿಲ್ಲ, ಅಡಿಕೆ ಕೊನೆ ತೆಗೆಯುವ ಆಳು ಸಿಗಲಿಲ್ಲ, ಗಂಡು ಸಿಗಲಿಲ್ಲ ಎನ್ನುವಾಗಿನ ಅದೇ ಧಾಟಿಯಲ್ಲಿ ಅದು ಬರುತ್ತದೆ. ಮನೆಮನೆ ಹುಡುಕಿ ಸೋತು ಕೊನೆಗೆ ವಿಧಿಯಿಲ್ಲದೆ ಒಬ್ಬಳೇ ಹೊರಟವಳ ಚಿತ್ರ ಕೇಳುವವರ ಕಣ್ಣಲ್ಲಿ ಆಗಲೇ ಮೂಡಿರುತ್ತದೆ. ತೀರ್ಥಹಳ್ಳಿಯ ಕಡೆಯ ನೆಂಟರ ಗೃಹಪ್ರವೇಶದಲ್ಲಿ ಎದುರು ಪಂಕ್ತಿಯಲ್ಲಿದ್ದ ಅತ್ತೆಯೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಇಡೀ ಸಾಲಿಗೆ ಕೇಳುವಂತೆ, “ಅಲ್ಲ ಮಾರಾಯ್ತಿ, ಅಷ್ಟು ದೂರ ಹೋಗೋಕೆ ಒಬ್ರೂ ಸಿಗ್ಲಿಲ್ವೇನೆ ನಿಂಗೆ?” ಎಂದರು. ಸಾಲಿನಲ್ಲಿದ್ದ ಕೈಗಳೆಲ್ಲ ಎಲೆಯ ಮೇಲೆಯೇ ನಿಂತವು. “ಮುಂದಿನ ಸಲ ನೀವೇ ಬನ್ನಿ ಅತ್ತೆ” ಎಂದೆ. ಅವರು ಒಂದು ಕ್ಷಣ ಯೋಚಿಸಿ, “ನಂಗೆ ಕಾರಲ್ಲಿ ವಾಂತಿ ಬರತ್ತೆ” ಎಂದರು. ಅದು ನಿಜ. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಷ್ಟರಲ್ಲಿ ಅವರಿಗಾಗಿ ಮೂರು ಸಲ ಗಾಡಿ ನಿಲ್ಲಿಸಿದವಳು ನಾನೇ. ನನ್ನ ಉತ್ತರದ ಅರ್ಧ ಭಾಗವನ್ನು ಅವರೇ ಕೊಟ್ಟಿದ್ದರು, ಆದರೆ ಅದು ಯಾರಿಗೂ ತಿಳಿಯಲಿಲ್ಲ.

ಭಯವಾಗಲಿಲ್ಲವೇ ಎಂದು ಕೇಳುವವರದು ಇನ್ನೊಂದು ಗುಂಪು. ಆಯಿತು, ಯಾಕಾಗಬಾರದು? ಆದರೆ ಅವರು ಮನಸ್ಸಿನಲ್ಲಿಟ್ಟುಕೊಂಡು ಕೇಳುವ ಭಯ ಮನುಷ್ಯರದು. ನನಗಿದ್ದದ್ದು ನಿದ್ದೆಯ ಭಯ, ನದಿಯ ಭಯ, ಮತ್ತು ಬಾಡಿಗೆ ಕಾರಿನ ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದ, ಗಾಡಿಗೆ ಏನಾದರೂ ಆದರೆ ನನ್ನ ಕಾರ್ಡಿನಿಂದ ಹಿಡಿದುಕೊಳ್ಳುವ ಮೊತ್ತದ ಭಯ.

ಯಾರಾದರೂ ಕೇಳಬೇಕಿತ್ತು ಎಂದು ನಾನು ಕಾದ ಪ್ರಶ್ನೆ ಬೇರೆ. ದಿನಕ್ಕೆ ಎಷ್ಟು ಕಿಲೋಮೀಟರ್ ಇಟ್ಟುಕೊಂಡಿದ್ದೆ? ಇದನ್ನು ಕೇಳಿದವರು ಈವರೆಗೆ ಒಬ್ಬರೇ: ಶಿವಮೊಗ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ, ಕೆಎಸ್‌ಆರ್‌ಟಿಸಿಯಲ್ಲಿ ಚಾಲಕರಾಗಿದ್ದು ನಿವೃತ್ತರಾದವರು. ಅವರ ಜಗಲಿಯಲ್ಲಿ ಕುಳಿತು ನಾನು ಒಂದು ಗಂಟೆ ಮಾತನಾಡಿದೆ.

ದಿನಕ್ಕೆ 260ಕ್ಕಿಂತ ಹೆಚ್ಚಿಲ್ಲ, ಸಂಜೆ ಐದರ ಮೇಲೆ ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂಬುದು ನಾನು ಹಾಕಿಕೊಂಡ ಲೆಕ್ಕ. ಅಲ್ಲಿ ಊರ ಹೊರಗಿನ ರಸ್ತೆಯ ವೇಗಮಿತಿ ಗಂಟೆಗೆ 100 ಎಂದು ಫಲಕ ಹೇಳುತ್ತದೆ, ವಾನಕಾದಿಂದ ಫಾಕ್ಸ್ ಗ್ಲೇಸಿಯರ್ ಎಂಬ ಊರಿನವರೆಗಿನ ಸುಮಾರು 260 ಕಿಲೋಮೀಟರಿಗೆ ಮೂರೂವರೆ ಗಂಟೆ ಸಾಕೆಂದು ಫೋನಿನ ಭೂಪಟ ಹೇಳುತ್ತದೆ, ಎರಡನ್ನೂ ನಂಬಿದವರು ಕತ್ತಲಲ್ಲಿ ಮಳೆಕಾಡಿನ ನಡುವೆ ಕಣ್ಣು ಕಿರಿದು ಮಾಡಿಕೊಂಡು ಓಡಿಸುತ್ತಾರೆ. ನಾನು ಏಳು ಗಂಟೆ ಇಟ್ಟುಕೊಂಡಿದ್ದೆ, ಆರೂಮುಕ್ಕಾಲು ತೆಗೆದುಕೊಂಡೆ. ಜೊತೆಯಲ್ಲಿ ಒಬ್ಬರಿದ್ದರೆ ದಾರಿ ಹೇಳುತ್ತಾರೆ, ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಡುತ್ತಾರೆ, ನಿನ್ನ ಕಣ್ಣು ಎಳೆಯುತ್ತಿದೆ ನಿಲ್ಲಿಸು ಎನ್ನುತ್ತಾರೆ. ಒಬ್ಬಳೇ ಹೊರಡುವವಳು ಈ ಕೆಲಸಗಳನ್ನೆಲ್ಲ ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಬೇಕು, ಯೋಜನೆ ಎಂದರೆ ನನಗೆ ಅಷ್ಟೇ. ನಡುವೆ ಬರುವ ಹಾಸ್ಟ್ ಕಣಿವೆಯ ದಾರಿಯಲ್ಲಿ ಮೊಬೈಲ್ ಸಿಗ್ನಲ್ಲನ್ನು ನಂಬಿ ಕೂರುವಂತಿಲ್ಲವಾದ್ದರಿಂದ ಒಂದು ಕಾಗದದ ಮೇಲೆ ಸ್ಕೆಚ್ ಪೆನ್ನಿನಿಂದ ದಪ್ಪಗೆ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳುತ್ತಿದ್ದೆ: “ಮಕರೋರಾ – ಚಹಾ. ಹಾಸ್ಟ್ – ಪೆಟ್ರೋಲ್ ತಪ್ಪದೆ. ಫಾಕ್ಸ್ ಇನ್ನೂ 120.” ಪಕ್ಕದ ಸೀಟಿನಲ್ಲಿ ಮುಚ್ಚಳ ಸಡಿಲಿಸಿಟ್ಟ ಬಾಟಲಿ, ಸಿಪ್ಪೆ ಸುಲಿದ ಕಿತ್ತಳೆಯ ಡಬ್ಬಿ. ವಿಮಾನ ಇಳಿದ ದಿನ ಕಾರನ್ನು ಮುಟ್ಟಲೇ ಇಲ್ಲ, ಕ್ರೈಸ್ಟ್‌ಚರ್ಚಿನಲ್ಲಿ ಒಂದು ರಾತ್ರಿ ಮಲಗಿ ಎದ್ದು ಮರುದಿನ ತೆಗೆದುಕೊಂಡೆ.

ವಾಹನ ಓಡುವುದು ನಮ್ಮಂತೆಯೇ ಎಡಬದಿಯಲ್ಲಿ, ಸ್ಟಿಯರಿಂಗ್ ಬಲಕ್ಕೆ, ಇಂಗ್ಲಿಷಿನಲ್ಲಿರುವ ನಮ್ಮ ಪರವಾನಗಿಯೇ ಸಾಕು. ಗಾಡಿ ಆಟೋಮ್ಯಾಟಿಕ್ ಆದ್ದರಿಂದ ಮೊದಲ ದಿನವೆಲ್ಲ ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು, ಒಮ್ಮೆ ಬ್ರೇಕಿನ ಮೇಲೆಯೇ ಬಿದ್ದು ಹಿಂದಿನವನಿಂದ ಹಾರ್ನ್ ಹೊಡೆಸಿಕೊಂಡೆ. ಇಡೀ ಪ್ರವಾಸದಲ್ಲಿ ನನಗೆ ಕೇಳಿಸಿದ ಹಾರ್ನ್ ಅದೊಂದೇ.

ಮನೆಯಲ್ಲಿ ಅಕ್ಕನಿಗೆ ಕಾರಿನ ನಂಬರು, ಪ್ರತಿ ರಾತ್ರಿ ಉಳಿಯುವ ಜಾಗದ ಫೋನು ಕೊಟ್ಟಿದ್ದೆ. ಅಲ್ಲಿ ರಾತ್ರಿ ಒಂಬತ್ತೆಂದರೆ ಆಗ ಇಲ್ಲಿ ಮಧ್ಯಾಹ್ನ ಒಂದೂವರೆ; ಅವಳು ಊಟಕ್ಕೆ ಕೂರುವ ಹೊತ್ತಿಗೆ ನನ್ನ ಸಂದೇಶ ಬಾರದಿದ್ದರೆ ಮೊದಲು ಆ ಜಾಗಕ್ಕೆ ಫೋನು ಮಾಡಬೇಕು, ಅಳುವುದು ಆಮೇಲೆ ಎಂದು ಹೇಳಿದ್ದೆ. ಒಂದು ದಿನ ಮರೆತೆ. ಅವಳು ಎರಡನ್ನೂ ಒಟ್ಟಿಗೆ ಮಾಡಿದಳಂತೆ.

ವಾಪಸು ವಿಮಾನಕ್ಕೆ ಮುಂಚಿನ ಒಂದು ದಿನವನ್ನು ಪೂರ್ತಿ ಖಾಲಿ ಬಿಟ್ಟಿದ್ದೂ ಮಳೆಯ ಲೆಕ್ಕದಿಂದಲೇ. 2019ರ ಮಾರ್ಚಿನಲ್ಲಿ ಫ್ರಾನ್ಜ್ ಜೋಸೆಫ್ ಊರಿನ ಪಕ್ಕದ ವೈಹೊ ನದಿ ಉಕ್ಕಿ ಹೆದ್ದಾರಿಯ ಸೇತುವೆಯನ್ನೇ ಕೊಚ್ಚಿಕೊಂಡು ಹೋಗಿ, ಮತ್ತೆ ಕಟ್ಟಿ ಮುಗಿಸುವವರೆಗೆ ಎರಡು ವಾರಕ್ಕೂ ಹೆಚ್ಚು ಕಾಲ ಆ ದಾರಿ ಮುಚ್ಚಿತ್ತು. ಪಶ್ಚಿಮ ಕರಾವಳಿಯ ಉದ್ದಕ್ಕೂ ಇರುವ ಹೆದ್ದಾರಿ ಅದೊಂದೇ. ಅದು ಮುಚ್ಚಿದರೆ ಬೆಟ್ಟಸಾಲನ್ನು ಬಳಸಿಕೊಂಡು ನೂರಾರು ಕಿಲೋಮೀಟರ್ ಸುತ್ತಬೇಕು. ಮಳೆಗೆ ಹೆದರುವ ಸೀಮೆಯವಳಲ್ಲ ನಾನು, ಹೆದರದವರ ಗತಿ ಏನಾಗುತ್ತದೆಂದು ನೋಡಿ ಬೆಳೆದವಳು. ಆ ಒಂದು ದಿನಕ್ಕಾಗಿ ಮತ್ತು ಕಿಲೋಮೀಟರಿನ ಲೆಕ್ಕಕ್ಕಾಗಿ ಮಿಲ್‌ಫರ್ಡ್ ಸೌಂಡ್ ಎಂಬ ಹೆಸರಾಂತ ಕಡಲಕೊಲ್ಲಿಯನ್ನು ಪಟ್ಟಿಯಿಂದ ಹೊಡೆದುಹಾಕಿದೆ. “ಅದನ್ನು ನೋಡದೆ ಬಂದಿರಾ!” ಎನ್ನುವವರು ಈಗ ಮೂರನೆಯ ಗುಂಪು. ಅವರಿಗೂ ಇದೇ ಉತ್ತರ.

ಇನ್ನು ಸೇತುವೆಯ ವಿಷಯ. ಆ ಕರಾವಳಿಯಲ್ಲಿ ಒಂದೇ ಗಾಡಿ ಹಿಡಿಸುವ ಸೇತುವೆಗಳು ಬಹಳ. ಫಲಕದಲ್ಲಿ ಸಣ್ಣ ಕೆಂಪು ಬಾಣ ಯಾವ ದಿಕ್ಕಿಗಿದೆಯೋ ಆ ಕಡೆ ಹೋಗುವವರು ನಿಂತು ಎದುರಿನವರಿಗೆ ದಾರಿ ಬಿಡಬೇಕು. ಫಾಕ್ಸಿಗೆ ಇನ್ನೂ ಒಂದು ಗಂಟೆ ಇರುವಾಗ, ಸಣ್ಣ ಮಳೆಯಲ್ಲಿ, ಅಂಥದೊಂದು ಸೇತುವೆ ಬಂತು. ನೀಲಿ ಫಲಕದಲ್ಲಿ ನನಗೆ ದೊಡ್ಡ ಬಿಳಿ ಬಾಣ. ಅಂದರೆ ದಾರಿ ನನ್ನದು. ಆಚೆ ತುದಿಯಲ್ಲಿ ಒಂದು ಕ್ಯಾಂಪರ್ ವ್ಯಾನು ನಿಧಾನಿಸುತ್ತಿತ್ತು. ನಾನು ಸುಮ್ಮನೆ ಹೋಗಿದ್ದರೆ ಮುಗಿಯುತ್ತಿತ್ತು. ಇಪ್ಪತ್ತು ವರ್ಷ ಮಲೆನಾಡಿನ ರಸ್ತೆಯಲ್ಲಿ ಓಡಿಸಿದ ಕೈ ಕೇಳಬೇಕಲ್ಲ, ಎರಡು ಸಲ ಹೆಡ್‌ಲೈಟ್ ಮಿಣುಕಿಸಿತು. ನಮ್ಮಲ್ಲಿ ಅದರ ಅರ್ಥ ‘ನಾನು ಬಂದೆ, ನೀನು ನಿಲ್ಲು’. ಅವರಿಗೆ ಅದು ‘ನೀವು ಬನ್ನಿ, ನಾನು ನಿಂತಿದ್ದೇನೆ’. ಆ ವ್ಯಾನಿನವರು ಕೃತಜ್ಞತೆಯಿಂದ ಕೈ ಎತ್ತಿ ಮುಂದೆ ಬಂದರು, ನಾನೂ ನುಗ್ಗಿದೆ, ನಡುಸೇತುವೆಯಲ್ಲಿ ಮುಖಾಮುಖಿಯಾಗಿ ನಿಂತೆವು. ಒಳಗೆ ವಯಸ್ಸಾದ ಗಂಡ ಹೆಂಡತಿ. ಹೆಂಡತಿ ಗಂಡನಿಗೆ ಬೆರಳು ತೋರಿಸಿ ಏನೋ ಹೇಳುತ್ತಿದ್ದರು, ಗಂಡ ನನ್ನ ಕಡೆ ಬೆರಳು ತೋರಿಸುತ್ತಿದ್ದರು. ನನಗೆ ಬೆರಳು ತೋರಿಸಲು ಯಾರೂ ಇರಲಿಲ್ಲ. ಕೆಳಗೆ ಹಿಮನದಿ ಅರೆದ ಕಲ್ಲಿನ ಹಿಟ್ಟು ಕದಡಿದ ಬೂದಿಬಣ್ಣದ ನೀರು ಸದ್ದು ಮಾಡಿಕೊಂಡು ಹೋಗುತ್ತಿತ್ತು. ನಾನು ಹಿಂದಿನ ಗಾಜಿನ ಕಡೆ ಕತ್ತು ತಿರುಗಿಸಿ, ವೈಪರ್ ಹಾಕಿ, ಸೇತುವೆಯ ಕಂಬಿ ಎಣಿಸುವಷ್ಟು ನಿಧಾನವಾಗಿ ಹಿಂದೆ ತೆಗೆದೆ.

ಇದಿಷ್ಟನ್ನೂ ಪಕ್ಕದ ಮನೆಯವರಿಗೆ ಹೇಳಿದಾಗ ಅವರು ನಗಲಿಲ್ಲ.

“ನಿಮ್ಮ ಹಿಂದೆ ಬೇರೆ ಗಾಡಿ ಇತ್ತಾ ಮೇಡಂ?” ಎಂದರು.

“ಇರಲಿಲ್ಲ” ಎಂದೆ.

“ಹಂಗಾದ್ರೆ ಪರವಾಗಿಲ್ಲ ಬಿಡಿ” ಎಂದು ಹೇಳಿ, ಅಲ್ಲಿ ಪೆಟ್ರೋಲಿಗೆ ಲೀಟರಿಗೆ ಎಷ್ಟಾಯಿತೆಂದು ಕೇಳಿದರು.