ಮದ್ದೂರು ವಡೆ, ಮೈಲಾರಿ ದೋಸೆ, ಮತ್ತೆ ಒಂದಷ್ಟು ಕಾಮಿಕ್ಸು

ಅಮರ ಚಿತ್ರ ಕಥೆ ಕಾಮಿಕ್ಸ್ ಮೊದಲು ಬಂದಿದ್ದು ಯಾವ ಭಾಷೇಲಿ ಅಂತ ಯಾರನ್ನಾದ್ರೂ ಕೇಳಿ ನೋಡಿ, ಇಂಗ್ಲಿಷ್ ಅಂತಾರೆ, ಇಲ್ಲಾಂದ್ರೆ ಹಿಂದಿ ಅಂತಾರೆ. ಕನ್ನಡದಲ್ಲಿ ಕಣ್ರೀ! 1965ರಲ್ಲಿ, ನಮ್ ಬೆಂಗಳೂರಲ್ಲಿ, ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ.ಕೆ. ಅನಂತರಾಮ್ ಅವ್ರಿಗೆ ಹೊಳೆದ ಐಡಿಯಾ ಅದು. ಮೊದಲ 10 ಪುಸ್ತಕ ಸಿಂಡ್ರೆಲಾ, ಸ್ನೋ ವೈಟ್ ಥರದ ಹೊರದೇಶದ ಕಥೆಗಳು, ಅವು ಕನ್ನಡದಲ್ಲಿ ಬಂದ್ವು, ಅದಕ್ಕೇ ಇಂಗ್ಲಿಷ್ ಸೀರೀಸು 11ನೇ ನಂಬರಿನ ‘ಕೃಷ್ಣ’ದಿಂದ ಶುರುವಾಗತ್ತೆ. ಆಮೇಲೆ ಅದನ್ನ ಇಡೀ ದೇಶಕ್ಕೆ ಮುಟ್ಟಿಸಿದ ಅನಂತ ಪೈ ಹುಟ್ಟಿದ್ದೂ ನಮ್ಮ ಕಾರ್ಕಳದಲ್ಲೇ, 1929ರಲ್ಲಿ. ಇಷ್ಟೆಲ್ಲಾ ಇಟ್ಕೊಂಡು ಇವತ್ತು ಒಂದು ಮಗೂಗೆ ಕನ್ನಡದ ಕಾಮಿಕ್ಸ್ ಕೊಡಿಸ್ಬೇಕು ಅಂದ್ರೆ ಅಂಗಡಿ ಅಂಗಡಿ ಅಲೀಬೇಕು, ನಂಗೆ ಇದು ನಿಜವಾಗ್ಲೂ ಸಂಕಟ ಆಗತ್ತೆ.

ಅಕ್ಕನ ಮಗ ಒಬ್ಬ ಇದ್ದಾನೆ, ಇಂಗ್ಲಿಷ್ ಮೀಡಿಯಂ, ಮನೇಲಿ ಪಟಪಟ ಅಂತ ಕನ್ನಡ ಮಾತಾಡ್ತಾನೆ ಆದ್ರೆ ಓದೋಕೆ ಕೂತ್ರೆ ಒತ್ತಕ್ಷರ ಬಂದ ತಕ್ಷಣ ನಿಂತೋಗ್ತಾನೆ. ಶನಿವಾರ ನಂಗೆ ರಜ ಇದ್ರೆ ಅವನನ್ನ ಕರ್ಕೊಂಡು ನೇರಳೆ ಲೈನ್ ಮೆಟ್ರೋ ಹತ್ತಿ ಎಂ.ಜಿ. ರೋಡ್ ಕಡೆ ಹೋಗ್ತೀನಿ. ಅಲ್ಲಿ ಮಿಡ್‌ಫೋರ್ಡ್ ಗಾರ್ಡನ್ ಅನ್ನೋ ಒಳರಸ್ತೇಲಿ ಇಂಡಿಯನ್ ಕಾರ್ಟೂನ್ ಗ್ಯಾಲರಿ ಇದೆ, 2007ರಿಂದ ನಡೀತಿದೆ, ದೇಶದ ಬೇರೆ ಬೇರೆ ಕಡೆ ವ್ಯಂಗ್ಯಚಿತ್ರಕಾರರ ಚಿತ್ರಗಳನ್ನ ಗೋಡೆ ಮೇಲೆ ಹಾಕಿರ್ತಾರೆ. ಪೇಪರಲ್ಲಿ ಅಚ್ಚಾದ ಕಾರ್ಟೂನಿಗೂ ಕೈಯಲ್ಲಿ ಬರೆದ ಮೂಲ ಚಿತ್ರಕ್ಕೂ ಎಷ್ಟು ವ್ಯತ್ಯಾಸ ಅಂತೀರಾ! ಹತ್ರ ಹೋಗಿ ನೋಡಿದ್ರೆ ಇಂಡಿಯನ್ ಇಂಕ್ ಒಂದೊಂದು ಕಡೆ ದಪ್ಪಗೆ ನಿಂತಿರತ್ತೆ, ಬ್ರಶ್ ಎತ್ತಿದ ಕಡೆ ಗೆರೆ ಕೂದಲೆಳೆ ಥರ ಸಣ್ಣ ಆಗಿರತ್ತೆ, ತಪ್ಪಿದ್ದನ್ನ ಬಿಳಿ ಬಣ್ಣದಲ್ಲಿ ಮುಚ್ಚಿರೋದು ಕಾಣತ್ತೆ, ಕೆಳಗಡೆ ಅಳಿಸದೇ ಉಳಿದ ಪೆನ್ಸಿಲ್ ಗುರುತು. ನಮ್ ಹುಡ್ಗ ಒಂದು ಚಿತ್ರದ ಮುಂದೆ ತುಂಬಾ ಹೊತ್ತು ನಿಂತು, ‘ಮಾಮ, ಇವ್ರಿಗೂ ಮೂಗು ಸರಿ ಬರ್ಲಿಲ್ಲ ನೋಡು, ಎರಡು ಸಲ ಬರ್ದಿದಾರೆ’ ಅಂದ. ಅವತ್ತಿಂದ ಮನೇಲಿ ಚಿತ್ರ ಹರಿದು ಬಿಸಾಕೋದು ಕಮ್ಮಿ ಆಗಿದೆ.

ಅಲ್ಲಿಂದ ಚರ್ಚ್ ಸ್ಟ್ರೀಟ್. ಬ್ಲಾಸಮ್ ಪುಸ್ತಕದಂಗಡೀಲಿ ಹಳೇ ಕಾಮಿಕ್ಸ್ ಸಾಲಲ್ಲಿ ನೆಲದ ಮೇಲೇ ಕೂತ್ಬಿಡೋದು, ಟಿನ್‌ಟಿನ್, ಆಸ್ಟರಿಕ್ಸ್, ಅದೃಷ್ಟ ಇದ್ರೆ ಇಂದ್ರಜಾಲ ಕಾಮಿಕ್ಸಿನ ಹಳೇ ಫ್ಯಾಂಟಮ್. ಆಮೇಲೆ ಇಂಡಿಯಾ ಕಾಫಿ ಹೌಸು. ಎಂ.ಜಿ. ರೋಡಲ್ಲಿದ್ದಿದ್ದು 2009ರಲ್ಲಿ ಇಲ್ಲಿಗೆ ಬಂತು, ಬಿಳಿ ಯೂನಿಫಾರಮ್ಮು ಪೇಟ ಅದೇ ಇದೆ, ಕಾಫಿನೂ ಅದೇ.

ನನ್ನ ಫೇವರಿಟ್ ಕಾಮಿಕ್ಸ್ ಯಾವುದು ಅಂತ ಕೇಳಿದ್ರೆ ಮಾತ್ರ ನಾನು ಯಾವತ್ತೂ ಡಿಂಗ ಅಂತಾನೇ ಹೇಳೋದು. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ! ಒಂದು ಇಲಿ, ಅನ್ಯಗ್ರಹದವರು ಹೊತ್ಕೊಂಡು ಹೋಗಿ ಪವರ್ ಬಂದು ಕಾಡಿಗೆ ವಾಪಸ್ ಬರತ್ತೆ, ಪ್ರಾಣಿಗಳಿಗೆ ಕಷ್ಟ ಬಂದಾಗ ಹಾರಿ ಬರತ್ತೆ. ಮೂಲ ಮಲಯಾಳಂದು, ಅಲ್ಲಿ ಡಿಂಕನ್ ಅಂತ. ಆದ್ರೆ ನಮಗೆ ಅದು ನಮ್ಮದೇ ಅನ್ಸಿತ್ತು, ಯಾಕಂದ್ರೆ ಆ ಮಾತಿನ ಬಲೂನಿನೊಳಗೆ ಇದ್ದಿದ್ದು ನಾವು ಮಾತಾಡೋ ಥರದ ಕನ್ನಡ. ಒಂದು ಬಲೂನಲ್ಲಿ ನಾಲ್ಕೈದು ಪದ ಅಷ್ಟೇ, ಅರ್ಥ ಆಗದಿದ್ರೆ ಪಕ್ಕದಲ್ಲೇ ಚಿತ್ರ ಇದೆ, ಕಥೆ ಮುಂದೇನಾಯ್ತು ಅನ್ನೋ ಆತುರದಲ್ಲಿ ಒತ್ತಕ್ಷರ ಎಲ್ಲಾ ತಾನಾಗೇ ಬಾಯಿಗೆ ಬರತ್ತೆ. ನಮ್ಮಲ್ಲಿ ಎಷ್ಟೋ ಜನ ಓದೋದು ಕಲ್ತಿದ್ದೇ ಹೀಗೆ, ಪಠ್ಯಪುಸ್ತಕದಿಂದ ಅಲ್ಲ.

ಇನ್ನು ಮೈಸೂರು. ಕಾಮಿಕ್ಸ್, ಕಾರ್ಟೂನ್ ಅಂದ್ಮೇಲೆ ಮೈಸೂರಿಗೆ ಹೋಗ್ದೇ ಇರೋಕಾಗತ್ತಾ, ಆರ್.ಕೆ. ಲಕ್ಷ್ಮಣ್ ಹುಟ್ಟಿದ ಊರು. ರೈಲಲ್ಲೇ ಹೋಗ್ಬೇಕು, ರಾಮನಗರದ ಬಂಡೆಗಳು ಕಾಣ್ಬೇಕು, ಚನ್ನಪಟ್ಟಣ ದಾಟ್ಬೇಕು, ಅಷ್ಟೊತ್ತಿಗೆ ‘ವಡೇ ವಡೇ ವಡೇ ಮದ್ದೂರ್ ವಡೇ’ ಅಂತ ಬುಟ್ಟಿ ಹೊತ್ಕೊಂಡವ್ರು ಬರ್ತಾರೆ. ಪೇಪರಲ್ಲಿ ಸುತ್ತಿ ಕೊಡೋ ಆ ವಡೆ ಚಪ್ಪಟೆ, ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಕರಿಬೇವು, ಅಂಚು ಗರಿಗರಿ ನಡುವೆ ಸ್ವಲ್ಪ ಮೆತ್ತಗೆ, ಪೇಪರು ಪೂರ್ತಿ ಎಣ್ಣೆ ಕುಡಿದು ಅಕ್ಷರ ಆ ಕಡೆಯಿಂದ ಈ ಕಡೆ ಕಾಣ್ತಿರತ್ತೆ, ಹುಡ್ಗ ಅದನ್ನೂ ಕೂಡಿಸಿ ಕೂಡಿಸಿ ಓದ್ತಾನೆ.

ಇಳಿದ ತಕ್ಷಣ ನಜರ್‌ಬಾದಿನ ಮೈಲಾರಿ ಹೋಟ್ಲು. ಕ್ಯೂ ಇರತ್ತೆ, ಇರ್ಲಿ. ದೋಸೆ ಅಂದ್ರೆ ಅದು ಬೆಂಗಳೂರಿನ ಕೆಂಪಗೆ ಗರಿಗರಿ ದೋಸೆ ಅಲ್ಲ, ಮೆತ್ತಗಿರತ್ತೆ, ಒಳಗೆ ಸಾಗು, ಮೇಲೆ ಬೆಣ್ಣೆ ಕರಗ್ತಾ ಇರತ್ತೆ, ಪಕ್ಕದಲ್ಲಿ ಕಾಯಿಚಟ್ನಿ. ಒಂದು ಹೇಳಿದ್ರೆ ಸಾಲಲ್ಲ, ಮೊದಲೇ ಎರಡು ಹೇಳ್ಬಿಡಿ.

ಆಮೇಲೆ ಯಾದವಗಿರೀಲಿ ಆರ್.ಕೆ. ನಾರಾಯಣ್ ಅವರ ಮನೆ, 2016ರಿಂದ ಮ್ಯೂಸಿಯಂ ಆಗಿದೆ. ಅಣ್ಣ ನಾರಾಯಣ್ ಕಥೆ ಬರೀತಿದ್ರೆ ತಮ್ಮ ಲಕ್ಷ್ಮಣ್ ಅದಕ್ಕೆ ಚಿತ್ರ ಬರೀತಿದ್ದ, ಎಂಥಾ ಮನೆತನ ಅಲ್ವಾ. ಲಕ್ಷ್ಮಣ್ ಕಾರ್ಟೂನಿನ ಕಾಮನ್ ಮ್ಯಾನ್ ಎಲ್ಲರಿಗೂ ಗೊತ್ತು, ಆ ಚೌಕಳಿ ಕೋಟು ಪಂಚೆ, ಆದ್ರೆ ಲಕ್ಷ್ಮಣ್ ಅವ್ರನ್ನ ಶುರುವಲ್ಲೇ ಬೆನ್ನು ತಟ್ಟಿದ್ದು ಒಂದು ಕನ್ನಡ ಹಾಸ್ಯ ಪತ್ರಿಕೆ, ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ‘ಕೊರವಂಜಿ’. ಲಕ್ಷ್ಮಣ್ ಕಾಗೆಗಳನ್ನ ಎಷ್ಟು ಪ್ರೀತಿಯಿಂದ ಬರೀತಿದ್ರು ಅಂತ ಹುಡ್ಗನಿಗೆ ಹೇಳಿದ್ದೇ ತಪ್ಪಾಯ್ತು ನೋಡಿ, ರಸ್ತೆ ಉದ್ದಕ್ಕೂ ಪ್ರತಿ ಕಾಗೆಗೂ ನಿಲ್ಲಿಸ್ದ, ಕತ್ತು ಹೇಗೆ ತಿರುಗಿಸ್ತು, ಕಾಲು ಹೇಗೆ ಇಡ್ತು, ಎಲ್ಲಾ ನೋಡ್ಬೇಕು. ನಂಗಂತೂ ಖುಷಿ ಆಯ್ತು.

ನಾನು ಕೇಳ್ತಿರೋದು ದೊಡ್ಡದೇನಲ್ಲ. ತಮಿಳಲ್ಲಿ ಶಿವಕಾಶಿಯಿಂದ 1972ರಲ್ಲಿ ಮುತ್ತು ಕಾಮಿಕ್ಸ್ ಶುರುವಾಯ್ತು, ಕೌಬಾಯ್ ಲಕ್ಕಿ ಲ್ಯೂಕ್ ಅಲ್ಲಿ ತಮಿಳು ಮಾತಾಡ್ತಾನೆ. ಬಂಗಾಳಿ ಮಕ್ಕಳಿಗೆ ನಾರಾಯಣ ದೇಬನಾಥ್ ಅವರ ಬಾಟುಲ್ ಇದ್ದಾನೆ, ಟಿನ್‌ಟಿನ್ನೂ ಬಂಗಾಳಿಲೇ ಸಿಗತ್ತೆ. ನಮ್ಮಲ್ಲಿ ಚಿತ್ರ ಬರೆಯೋರಿಗೆ ಬರ ಇಲ್ಲ, ಕಥೆ ಬರೆಯೋರಿಗೂ ಇಲ್ಲ, ಕೊಳ್ಳೋರು ನಾವು ಮುಂದೆ ಬರ್ಬೇಕು ಅಷ್ಟೇ. ನಿಮ್ ಮನೆ ಅಟ್ಟದ ಮೇಲೆ ಬಾಲಮಂಗಳ, ಕನ್ನಡದ ಅಮರ ಚಿತ್ರ ಕಥೆ ಏನಾದ್ರೂ ಇದ್ರೆ ದಯವಿಟ್ಟು ರದ್ದಿಗೆ ಹಾಕ್ಬೇಡಿ, ಅಕ್ಕಪಕ್ಕದ ಮನೇಲಿ ಓದೋ ವಯಸ್ಸಿನ ಮಗು ಇದ್ದೇ ಇರತ್ತೆ, ಕೊಟ್ಬಿಡಿ.