ತ್ರಿಕೋನದ ಹಸು

ಭಾನುವಾರ, 14 ಜುಲೈ 2024

ಮಧ್ಯಾಹ್ನದಿಂದ ಜಿಟಿಜಿಟಿ ಮಳೆ. ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ, ಆಗಲಿಲ್ಲ. ಸಮಾಧಾನಕ್ಕೆ ಹಳೆಯ ಆರ್ಕೇಡ್ ಆಟಗಳ, ಅಂದರೆ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳ ಆಟಗಳ, ವಿಡಿಯೋ ಹಾಕಿ ಕೂತೆವು. 1989ರಲ್ಲಿ ಅಟಾರಿ ತಂದ ‘ಹಾರ್ಡ್ ಡ್ರೈವಿನ್’ ಬಂತು. ಆ ಕಾಲಕ್ಕೇ ಇಗ್ನಿಷನ್ ಕೀ, ಕ್ಲಚ್, ಗೇರ್, ಕೈಗೆ ಎದುರು ತಿರುಗುವ ಸ್ಟೀರಿಂಗ್ ಎಲ್ಲಾ ಇದ್ದ ಆಟ.

ಮಗಳಿಗೆ ಕ್ಲಚ್ಚಿನ ಮೇಲೆ ಆಸಕ್ತಿ ಇಲ್ಲ. “ಅಪ್ಪಾ, ರಸ್ತೆ ಯಾಕೆ ಕಲರ್ ಪೇಪರ್ ಕತ್ತರಿಸಿ ಅಂಟಿಸಿದ ಹಾಗಿದೆ?” ಅಂದಳು. ಅಷ್ಟರಲ್ಲಿ ಹಸು ಕಂಡಿತು. ಅದಕ್ಕೆ ಕಾರು ಗುದ್ದಿದರೆ ‘ಅಂಬಾ’ ಅನ್ನುತ್ತದೆ. ಅವಳಿಗೆ ಆಟ ಅಂದರೆ ಅಷ್ಟೇ, ಹಸು.

ಅವಳು ಹಾಲು ಕುಡಿಯಲು ಹೋದಾಗ ನಾನು ಮೇಮ್ ಎಮ್ಯುಲೇಟರಿನ (ಹಳೆಯ ಆರ್ಕೇಡ್ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಸೋರ್ಸ್ ಕೋಡ್ ತೆಗೆದೆ. ಈ ಆಟದ ಬೋರ್ಡಿನ ಮೇಲೆ ಏನೇನಿತ್ತು ಅಂತ ಅದರಲ್ಲಿ ಬರೆದಿಟ್ಟಿದ್ದಾರೆ. ಮುಖ್ಯ ಚಿಪ್ ಮೊಟೊರೋಲಾ 68010, ವೇಗ ಬರೀ 8 ಮೆಗಾಹರ್ಟ್ಸ್. ಇದೊಂದರಿಂದಲೇ ಮೂರು ಆಯಾಮದ ಆಟ ನಡೆಯುತ್ತಿರಲಿಲ್ಲ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಆಟದ ಹಸು, ರಸ್ತೆ ಎಲ್ಲಾ ಬಣ್ಣ ತುಂಬಿದ ಚಪ್ಪಟೆ ತುಂಡುಗಳು, ನೋಟ ತಿರುಗಿದಾಗಲೆಲ್ಲ ಅವುಗಳ ಮೂಲೆಗಳನ್ನೂ ತಿರುಗಿಸಬೇಕು. ಹಸುವಿನ ಕಿವಿಯ ತುದಿ ಅನ್ನೋ ಒಂದೇ ಒಂದು ಬಿಂದುವನ್ನು ತಿರುಗಿಸಲು 9 ಗುಣಾಕಾರ ಬೇಕು. ಇದರ ಅಣ್ಣ 68000ದಲ್ಲಿ ಒಂದು ಗುಣಾಕಾರಕ್ಕೆ 70 ಕ್ಲಾಕ್ ಸೈಕಲ್‌ವರೆಗೂ (ಸೈಕಲ್ ಅಂದರೆ ಚಿಪ್ಪಿನ ಗಡಿಯಾರದ ಒಂದು ಮಿಡಿತ) ಹಿಡಿಯುತ್ತಿತ್ತು. ಅಂದರೆ ಒಂದು ಕಿವಿತುದಿಗೆ 630. ಆಮೇಲೆ ದೂರದಿಂದ ಭಾಗಿಸಬೇಕು, ಬಣ್ಣ ತುಂಬಬೇಕು. 68010 ಸ್ವಲ್ಪ ಚುರುಕು, ನಿಜ. ಆದರೂ ಹಸು ರಸ್ತೆ ದಾಟುವುದರೊಳಗೆ ಸಂಜೆ ಆಗುತ್ತಿತ್ತು.

ಹಾಗಾಗಿ ಅಟಾರಿಯವರು 68010ನ್ನು ಮೇಸ್ತ್ರಿ ಮಾಡಿದರು. ಗುಣಾಕಾರದ ಕೂಲಿ ಅನಲಾಗ್ ಡಿವೈಸಸ್‌ನ ಎಡಿಎಸ್‌ಪಿ-2100 ಚಿಪ್ಪಿಗೆ. ಅದು ಗುಣಿಸಿ, ಹಿಂದಿನದಕ್ಕೆ ಕೂಡಿಸಿ, ಎರಡನ್ನೂ ಒಂದೇ ಸೈಕಲ್ಲಿನಲ್ಲಿ ಮುಗಿಸುತ್ತದೆ. ಚಿತ್ರ ಬಿಡಿಸುವ ಕೆಲಸ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್34010ಕ್ಕೆ. ಈ ಚಿಪ್ ನನಗೆ ಬಹಳ ಇಷ್ಟ. ಬೇರೆ ಚಿಪ್ಪುಗಳು ಮೆಮೊರಿಯಲ್ಲಿ ಬೈಟ್‌ಗೊಂದು, ಅಂದರೆ ಎಂಟು ಬಿಟ್ಟಿಗೊಂದು, ವಿಳಾಸ ಕೊಟ್ಟರೆ, ಇದು ಪ್ರತಿ ಬಿಟ್ಟಿಗೂ ಮನೆ ನಂಬರ್ ಕೊಡುತ್ತದೆ. ಪಿಕ್ಸೆಲ್ ಎಷ್ಟು ಬಿಟ್ ಅಗಲ ಇದ್ದರೂ ತಕರಾರಿಲ್ಲ.

ಸೌಂಡ್ ಬೋರ್ಡಿನ ಸಾಲು ಓದುವಾಗ ನಗು ಬಂತು. ಅಲ್ಲಿ ಇನ್ನೊಂದು 68000, ಜೊತೆಗೆ ಟಿಎಂಎಸ್32010. ಇಂಜಿನಿಯರಿಂಗ್ ಓದುವಾಗ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಲ್ಯಾಬಿನಲ್ಲಿ ಈ ಟಿಎಂಎಸ್ ವಂಶದ ಮರಿಮಗ 6713 ಚಿಪ್ಪಿನ ಕಿಟ್ ಇತ್ತು. ಕಿಟ್ ಪ್ರತಿ ಸಲ ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬಂದಾಗಲೇ ಹ್ಯಾಂಗ್ ಆಗುತ್ತಿತ್ತು. ಕನ್ವಲ್ಯೂಷನ್ (ಎರಡು ಸಿಗ್ನಲ್‌ಗಳನ್ನು ಗುಣಿಸಿ ಕೂಡಿಸುವ ಲೆಕ್ಕ) ಮಾಡಿ, ಗ್ರಾಫ್ ಅಂಟಿಸಿ, ಸಹಿ ಹಾಕಿಸಿದೆವು. ಇದರ ಮುತ್ತಾತ ಹಸುವಿನ ಧ್ವನಿಯ ಬೋರ್ಡಿನಲ್ಲಿತ್ತು ಅಂತ ಆಗ ಯಾರಾದರೂ ಹೇಳಿದ್ದರೆ ಆ ವಿಷಯದಲ್ಲಿ ಇನ್ನೂ ನಾಲ್ಕು ಮಾರ್ಕ್ಸ್ ಜಾಸ್ತಿ ಬರುತ್ತಿತ್ತೇನೋ.

ಆಮೇಲೆ ಎಲ್ಲಾ ಬೇಗ ಬದಲಾಯಿತು. 1992ರಲ್ಲಿ ಸೆಗಾದ ಮಾಡೆಲ್ 1 ಬೋರ್ಡಿನ ಮೇಲೆ ‘ವರ್ಚುವಾ ರೇಸಿಂಗ್’. ಅಲ್ಲೂ ಮುಖ್ಯ ಚಿಪ್ 16 ಮೆಗಾಹರ್ಟ್ಸ್‌ನ ಎನ್‌ಇಸಿ ವಿ60, ಲೆಕ್ಕಕ್ಕೆ ಮಾತ್ರ ಫುಜಿತ್ಸು ಚಿಪ್ಪುಗಳು. ಆಮೇಲಿನ ಮಾಡೆಲ್ 2ಕ್ಕೆ ವಿಮಾನದ ಸಿಮ್ಯುಲೇಟರ್ ಮಾಡುವವರ ತಂತ್ರಜ್ಞಾನ ಬಂತು. ‘ಡೇಟೋನಾ ಯುಎಸ್‌ಎ’ ನೋಡಿದರೆ ರಸ್ತೆಗೆ ಡಾಂಬರಿನ ಮೈ, ಗುಡ್ಡಕ್ಕೆ ಕಲ್ಲಿನ ಮೈ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನನಗೆ ಕಲರ್ ಪೇಪರ್ ಕಾಲವೇ ಇಷ್ಟ. ಒಂದೊಂದು ತುಂಡಿಗೂ ಎಷ್ಟು ದುಡಿದಿದ್ದಾರೆ ಅಂತ ಕಣ್ಣಿಗೇ ಕಾಣುತ್ತದೆ.

ರಾತ್ರಿ ಊಟ ಆದಮೇಲೆ ಮಗಳಿಗೆ ಇದನ್ನೆಲ್ಲಾ ಹೇಳಿದೆ. ಒಂದು ಮೂಲೆಗೆ ಒಂಬತ್ತು ಲೆಕ್ಕ ಅಂತ. ಅವಳು ಗ್ರಾಫ್ ಪುಸ್ತಕ ತಂದು ಸ್ಕೇಲಿನಲ್ಲಿ ಹಸು ಬರೆದಳು. ಮೈಗೆ ಒಂದು ಚೌಕ, ಕಾಲಿಗೆ ನಾಲ್ಕು ತ್ರಿಕೋನ, ಮುಖಕ್ಕೆ ಒಂದು.

“ಕೊಂಬು ಎಲ್ಲಿ ಪುಟ್ಟಿ?” ಅಂದೆ.

“ಬೇಡಪ್ಪ. ಪಾಪ, ಚಿಪ್ಪಿಗೆ ಜಾಸ್ತಿ ಆಗುತ್ತೆ.”