‘ಆನೆ ಜಾಸ್ತಿ ಕಂಡರೆ ಆನೆ ಜಾಸ್ತಿಯಾಗಿವೆ ಅಂತಲ್ವಾ ಸಾರ್?’

ಹಾಸನದಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ನಾನು ರೀಸನಿಂಗ್, ಅಂದರೆ ತರ್ಕದ ಪ್ರಶ್ನೆ ಬಿಡಿಸುವುದನ್ನು ಹೇಳಿಕೊಡುತ್ತೇನೆ. ಪ್ರಾಣಿಗಳ ಸಂಖ್ಯೆಯ ಪ್ರಶ್ನೆ ಬಂದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಕಣ್ಣಾರೆ ಕಂಡಿದ್ದನ್ನೇ ಟಿಕ್ ಮಾಡಿದ್ದೀನಿ ಸಾರ್. ಕೀ ಉತ್ತರದಲ್ಲಿ ಯಾಕೆ ತಪ್ಪು ಅಂತಿದೆ?’ ಆಲೂರು, ಸಕಲೇಶಪುರದ ಕಡೆಯ ಮಕ್ಕಳು ಇದನ್ನು ಬೇಸರದಿಂದಲೇ ಕೇಳುತ್ತಾರೆ. ಆನೆ ಗದ್ದೆ ತುಳಿದು ಹೋದದ್ದನ್ನು ನೋಡಿದವರು ಅವರು.

ನಾನು ಬೋರ್ಡ್ ಮೇಲೆ ಬರೆಯುವ ಪ್ರಶ್ನೆ ಇದು. ಹೇಳಿಕೆ: ಒಂದೂರಿನ ಸುತ್ತ ಹೋದ ವರ್ಷ 40 ಸಲ ಆನೆ ಕಂಡಿದ್ದವು, ಈ ವರ್ಷ 70 ಸಲ ಕಂಡಿವೆ. ತೀರ್ಮಾನ: ಆನೆಗಳ ಸಂಖ್ಯೆ ಹೆಚ್ಚಿದೆ. ಉತ್ತರ: ತೀರ್ಮಾನ ಅನುಸರಿಸುವುದಿಲ್ಲ, ಅಂದರೆ ಆ ಹೇಳಿಕೆಯೊಂದರಿಂದಲೇ ಈ ತೀರ್ಮಾನಕ್ಕೆ ಬರಲಾಗುವುದಿಲ್ಲ.

ಒಮ್ಮೆ ಸಕಲೇಶಪುರ ಕಡೆಯ ಹುಡುಗಿಯೊಬ್ಬಳು ಇದನ್ನು ಒಪ್ಪಲೇ ಇಲ್ಲ. ಊರಿನ ವಾಟ್ಸಾಪ್ ಗುಂಪು ತೆಗೆದು ತೋರಿಸಿದಳು. ಬೆಳಗ್ಗೆ ಐದೂವರೆಗೆ ‘ತೋಟದ ಕೆರೆ ಹತ್ತಿರ ಏಳು ಆನೆ’. ಆರೂ ಮುಕ್ಕಾಲಿಗೆ ‘ಮರಿ ಸೇರಿ ಏಳು, ರಸ್ತೆ ದಾಟಿದವು’. ಎಂಟಕ್ಕೆ ‘ಗದ್ದೇಲಿ ಏಳೋ ಎಂಟೋ ಇವೆ’. ‘ಒಟ್ಟು ಎಷ್ಟಮ್ಮ?’ ಅಂದೆ. ಹಿಂದಿನ ಬೆಂಚಿನವರು ಇಪ್ಪತ್ತೊಂದು, ಇಪ್ಪತ್ತೆರಡು ಅಂತ ಕೂಗಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದೇ ಗುಂಪು ಸಾರ್. ಕೆರೆಯಿಂದ ಗದ್ದೆಗೆ ಅದೇ ದಾರಿ’ ಅಂದಳು.

ಕಂಡ ಲೆಕ್ಕ ಬೇರೆ, ಇರುವ ಲೆಕ್ಕ ಬೇರೆ. ಹಲಸು ಹಣ್ಣಾದಾಗ, ಭತ್ತ ತೆನೆ ಕಟ್ಟಿದಾಗ ಅದೇ ಆನೆಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಫೋನ್ ಇರುವವರು ಜಾಸ್ತಿಯಾದರೆ ಸುದ್ದಿಯೂ ಜಾಸ್ತಿ. ಆನೆ ನಿಜಕ್ಕೂ ಹೆಚ್ಚಿರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಒಂದು ಹೇಳಿಕೆಯಿಂದ ಅದು ಗೊತ್ತಾಗುವುದಿಲ್ಲ. ‘ಇರಬಹುದು’ ಅನ್ನುವುದಕ್ಕೆ ಅಂಕ ಸಿಗುವುದಿಲ್ಲ, ‘ಇರಲೇಬೇಕು’ ಅನ್ನುವುದಕ್ಕೆ ಮಾತ್ರ.

ಶೇಕಡಾ ಲೆಕ್ಕದಲ್ಲಿ ಇನ್ನೂ ಜಾಸ್ತಿ ಜನ ಎಡವುತ್ತಾರೆ. ಒಂದು ಕಾಡಿನಲ್ಲಿ ಆನೆಗಳ ಪಾಲು ಶೇ 10ರಿಂದ 15ಕ್ಕೆ ಏರಿತು ಅನ್ನೋಣ. ಆನೆ ಹೆಚ್ಚಿದವೇ? ಮೊದಲು ಆನೆ, ಕಾಟಿ, ಜಿಂಕೆ ಎಲ್ಲ ಸೇರಿ 1,000 ಪ್ರಾಣಿ ಇದ್ದವು, ಅದರಲ್ಲಿ ಆನೆ 100. ಆಮೇಲೆ ಒಟ್ಟು 600ಕ್ಕೆ ಇಳಿಯಿತು, ಆನೆ 90. ತೊಂಬತ್ತು ಅಂದರೆ ಆರುನೂರಕ್ಕೆ ಶೇ 15. ಪಾಲು ಏರಿದೆ, ಆನೆ ಹತ್ತು ಕಡಿಮೆಯಾಗಿವೆ! ಇದನ್ನು ಪ್ರತಿಯೊಬ್ಬರೂ ಒಮ್ಮೆ ತಮ್ಮ ಕೈಯಾರೆ ಹಾಕಿ ನೋಡಬೇಕು.

ಪುಸ್ತಕದ ಲೆಕ್ಕ ಸಾಕು ಅನ್ನುವವರಿಗೆ ನಿಜವಾದ ಅಂಕಿ ಕೊಡುತ್ತೇನೆ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395. 2025ರ ಅಕ್ಟೋಬರ್‌ನಲ್ಲಿ ಬಂದ ರಾಷ್ಟ್ರೀಯ ವರದಿಯಲ್ಲಿ 6,013. ಹಾಗಾದರೆ 382 ಆನೆ ಕಡಿಮೆಯಾದವೇ? ಕಳೆಯುವ ಲೆಕ್ಕ ಸರಿ, ತೀರ್ಮಾನ ತಪ್ಪು. ಎಣಿಸಿದ ವಿಧಾನವೇ ಬೇರೆ. ಮೊದಲಿನದರಲ್ಲಿ ಕಾಡನ್ನು ಭಾಗ ಮಾಡಿ ಆನೆಗಳನ್ನು ನೇರವಾಗಿ ನೋಡಿ ಎಣಿಸಿದ್ದರು, ಲದ್ದಿಯ ಲೆಕ್ಕವನ್ನೂ ಹಾಕಿದ್ದರು. ಎರಡನೆಯದರಲ್ಲಿ ಲದ್ದಿಯಿಂದ ಡಿಎನ್‌ಎ ತೆಗೆದು, ಸಿಕ್ಕ ಆನೆಗಳನ್ನು ಒಂದೊಂದಾಗಿ ಗುರುತಿಸಿ, ಅದರಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡಿದರು. ಹಳೆಯ ಅಂಕಿಗಳ ಜೊತೆ ಹೋಲಿಸಬೇಡಿ, ಇಲ್ಲಿಂದ ಹೊಸ ಲೆಕ್ಕ ಶುರು ಅಂತ ಆ ವರದಿಯೇ ಹೇಳುತ್ತದೆ. ನಾಳೆ ಈ ಮಕ್ಕಳಲ್ಲೇ ಯಾರೋ ಸರ್ಕಾರಿ ಕಚೇರಿಯಲ್ಲಿ ಕೂತು ಇಂಥ ಅಂಕಿಗಳ ಮೇಲೆ ಟಿಪ್ಪಣಿ ಬರೆಯುತ್ತಾರೆ. ಅದಕ್ಕೇ ಇದನ್ನು ಬರೀ ಒಂದೆರಡು ಅಂಕದ ಪ್ರಶ್ನೆ ಅಂತ ಬಿಡಲು ನನಗೆ ಮನಸ್ಸಾಗುವುದಿಲ್ಲ.

ಇಂಥ ಪ್ರಶ್ನೆಗಳಲ್ಲಿ ಬರುವ ‘ಎಲ್ಲ’ ಅನ್ನುವ ಪದದ ಬಗ್ಗೆಯೂ ಒಂದು ಮಾತು. ನಮ್ಮ ಕಾಡಿನಲ್ಲಿ ಉದ್ದ ದಂತ ಇರುವ ಆನೆಗಳೆಲ್ಲ ಗಂಡು. ಹಾಗಂತ ಎಲ್ಲ ಗಂಡಾನೆಗೂ ದಂತ ಇರಲೇಬೇಕು ಅಂತಿಲ್ಲ. ಮಕ್ನಾವನ್ನು, ಅಂದರೆ ದಂತವಿಲ್ಲದ ಗಂಡಾನೆಯನ್ನು ನೋಡಿದ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವತ್ತು ಕ್ಲಾಸ್ ಮುಗಿದ ಮೇಲೆ ಆ ಹುಡುಗಿ ಬಾಗಿಲಲ್ಲಿ ನಿಂತಳು. ‘ಹಾಗಾದರೆ ನಮ್ಮೂರಲ್ಲಿ ಆನೆ ಹೆಚ್ಚಿವೆಯೋ ಇಲ್ಲವೋ ತಿಳಿಯೋಕೆ ಏನೇನು ಬೇಕು ಸಾರ್?’ ಅಂದಳು. ‘ನೀನೇ ಹೇಳು’ ಅಂದೆ. ‘ಎರಡೂ ವರ್ಷ ಒಂದೇ ತರ ಎಣಿಸಿರಬೇಕು. ಅಕ್ಕಪಕ್ಕದ ಊರಲ್ಲೂ ಅದೇ ದಿನ, ಅದೇ ಹೊತ್ತಿಗೆ ಎಣಿಸಬೇಕು. ಇಲ್ಲಾಂದ್ರೆ ಕೆರೆ ಹತ್ತಿರದ್ದೇ ಗದ್ದೆಗೂ ಬರುತ್ತೆ’ ಅಂದವಳು, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು.